ತಲೆತಲಾಂತರದಿಂದ ಒಂದೇ ಗುರುತಿಗೆ ಓಟು: ಯಾವ ಚುನಾವಣೆಯಲ್ಲಿ ಸರಿ, ಯಾವುದರಲ್ಲಿ ತಪ್ಪು?

ಕೆರೆಏರಿ (ಪ್ರಶ್ನೆ)

‘ಅದು ಇಂಥ ಪಕ್ಷದ ಮನೆ’ ಅಂತ ಊರೆಲ್ಲ ಗುರುತಿಸುವ ಮನೆಗಳು ಕರ್ನಾಟಕದ ಪ್ರತಿ ಹಳ್ಳಿಯಲ್ಲೂ ಇವೆ. ಅಜ್ಜ ಹಾಕಿದ ಗುರುತಿಗೇ ಅಪ್ಪ, ಅಪ್ಪ ಹಾಕಿದ್ದಕ್ಕೇ ಮಕ್ಕಳು. ಅಂಥ ಮನೆಯಿಂದ ಮೊದಲ ಸಲ ಓಟು ಹಾಕಲು ಹೊರಟ ಹುಡುಗ ಹುಡುಗಿಯರಿಗೆ ‘ಪಕ್ಷ ನೋಡಬೇಡ, ವ್ಯಕ್ತಿ ನೋಡು’ ಅನ್ನೋದು ಎಲ್ಲರೂ ಕೊಡುವ ಬುದ್ಧಿಮಾತು. ಆದರೆ ಗೆದ್ದ ಮೇಲೆ ಶಾಸಕರು ವಿಪ್ (ಸದನದಲ್ಲಿ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಕೈ ಎತ್ತುವ ಹಾಗೇ ಇಲ್ಲವಲ್ಲ, ಹಾಗಿರುವಾಗ ವ್ಯಕ್ತಿ ನೋಡಿ ಏನು ಪ್ರಯೋಜನ?

ತಿಳಿಯಬೇಕಾಗಿರೋದು ಇಷ್ಟು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಮೂರಕ್ಕೂ ಒಂದೇ ನಿಷ್ಠೆ ಸರಿಯೇ? ಒಂದು ಊರು ನಿಜಕ್ಕೂ ಎಷ್ಟು ನಿಷ್ಠೆಯ ಊರು ಅಂತ ಅಂಕಿಸಂಖ್ಯೆಯಲ್ಲಿ ಕಂಡುಹಿಡಿಯಬಹುದೇ? ಮನೆಯವರಿಗೆ ಹೇಳದೆ ಬೇರೆ ಕಡೆ ಹಾಕಿದರೆ ಯಾರಿಗಾದರೂ ಗೊತ್ತಾಗುತ್ತಾ? ವ್ಯಕ್ತಿ ನೋಡೋದಾದರೆ ಎಲ್ಲಿ, ಏನು ನೋಡಬೇಕು?

ಯಾವ ಪಕ್ಷ ಒಳ್ಳೇದು ಅನ್ನುವ ಚರ್ಚೆ ಇಲ್ಲಿ ಬೇಡ ಅಂತ ವಿನಂತಿ.

ಗ್ಯಾಲರಿ_ಸೀಟು

ಪಕ್ಷವೋ ವ್ಯಕ್ತಿಯೋ ಅಂತ ಕೇಳುವ ಮೊದಲು, ಗೆದ್ದವರ ಕೈಗೆ ಯಾವ ಅಧಿಕಾರ ಬರುತ್ತದೆ ಅಂತ ಕೇಳಿಕೊಳ್ಳಬೇಕು. ಅದು ಚುನಾವಣೆಯಿಂದ ಚುನಾವಣೆಗೆ ಬೇರೆ. ಹಾಗಾಗಿ ಮೂರಕ್ಕೂ ಒಂದೇ ಉತ್ತರ ಇಟ್ಟುಕೊಂಡರೆ ಎಲ್ಲೋ ಒಂದು ಕಡೆ ಓಟು ಹಾಳಾಗುತ್ತದೆ.

ಶಾಸಕರಿಗೆ ಎರಡು ಕೆಲಸ. ಒಂದು ಸದನದಲ್ಲಿ, ಇನ್ನೊಂದು ತಾಲ್ಲೂಕಿನಲ್ಲಿ. ಸದನದ ಕೆಲಸದ ಮಟ್ಟಿಗೆ ನೀವು ಹೇಳಿದ್ದು ಸರಿ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಪಕ್ಷದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದರೆ, ಅನುಮತಿ ಇಲ್ಲದೆ ಮತದಾನಕ್ಕೇ ಗೈರಾದರೆ, ಪಕ್ಷ 15 ದಿನದೊಳಗೆ ಅದನ್ನು ಮನ್ನಿಸದಿದ್ದರೆ ಸದಸ್ಯತ್ವಕ್ಕೆ ಕುತ್ತು. ತೀರ್ಮಾನ ಸ್ಪೀಕರ್ ಕೈಯಲ್ಲಿ. ಮೊದಲು ಮೂರನೇ ಒಂದರಷ್ಟು ಶಾಸಕರು ಒಟ್ಟಾಗಿ ಒಡೆದು ಹೋದರೆ ರಕ್ಷಣೆ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು ಮೂರನೇ ಎರಡರಷ್ಟು ಮಂದಿ ಒಪ್ಪಿದ ವಿಲೀನ ಮಾತ್ರ. ಅಂದರೆ ವಿಶ್ವಾಸಮತ, ಬಜೆಟ್, ಮಸೂದೆ ಇವುಗಳ ವಿಷಯದಲ್ಲಿ ‘ಪಕ್ಷ ಸರಿಯಿಲ್ಲ, ಆದರೆ ನಮ್ಮ ಅಭ್ಯರ್ಥಿ ಒಳ್ಳೆಯವರು’ ಅನ್ನುವ ಲೆಕ್ಕ ನಡೆಯುವುದಿಲ್ಲ. ಒಳ್ಳೆಯವರ ಕೈಯೂ ಪಕ್ಷ ಹೇಳಿದಾಗಲೇ ಮೇಲೇಳುತ್ತದೆ.

ತಾಲ್ಲೂಕಿನ ಕೆಲಸ ಹಾಗಲ್ಲ. ಬಗರ್ ಹುಕುಂ ಸಮಿತಿಯನ್ನೇ ನೋಡಿ. ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡುತ್ತಾ ಬಂದವರು ನಮೂನೆ 50, 53, 57ರಲ್ಲಿ ಸಕ್ರಮಕ್ಕೆ ಅರ್ಜಿ ಹಾಕಿದ್ದಾರೆ. ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅಧ್ಯಕ್ಷರು ಸಭೆ ಕರೆಯದಿದ್ದರೆ ಕಡತ ಅಲ್ಲಾಡುವುದಿಲ್ಲ. ಸಭೆ ಕರೆದೂ ತಮ್ಮವರ ಅರ್ಜಿಗಳನ್ನಷ್ಟೇ ಮೇಲೆ ಇಟ್ಟುಕೊಂಡರೆ, ಮೂವತ್ತು ವರ್ಷ ಉತ್ತವನು ಕಾಯುತ್ತಲೇ ಇರುತ್ತಾನೆ. ಇಲ್ಲಿ ವಿಪ್ ಇಲ್ಲ, ಹೈಕಮಾಂಡ್ ಇಲ್ಲ, ಆ ಕುರ್ಚಿಯಲ್ಲಿ ಕೂತ ಮನುಷ್ಯನ ಗುಣವೇ ಎಲ್ಲ. ಮನೆ, ನಿವೇಶನ ಹಂಚುವ ಆಶ್ರಯ ಸಮಿತಿ, ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇವೂ ಹೀಗೆಯೇ. ಆದ್ದರಿಂದ ವಿಧಾನಸಭೆಗೆ ಪಕ್ಷವನ್ನೂ ವ್ಯಕ್ತಿಯನ್ನೂ ಎರಡು ತಟ್ಟೆಯಲ್ಲಿಟ್ಟು ತೂಗಲೇಬೇಕು.

ಲೋಕಸಭೆಯಲ್ಲಿ ವ್ಯಕ್ತಿಯ ತಟ್ಟೆ ಹಗುರ. ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರ ಅಂದರೆ ಎಂಟು ವಿಧಾನಸಭಾ ಕ್ಷೇತ್ರ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಎಂಟಕ್ಕೆ ಹಂಚಿದರೆ ತಲಾ 62.5 ಲಕ್ಷ. ಒಂದೆರಡು ಸಮುದಾಯ ಭವನ, ಒಂದಷ್ಟು ಹೈಮಾಸ್ಟ್ ದೀಪಕ್ಕೆ ಮುಗಿದುಹೋಗುತ್ತದೆ. ಅಲ್ಲಿ ನೀವು ಮುಖ್ಯವಾಗಿ ಆರಿಸುತ್ತಿರುವುದು ದಿಲ್ಲಿಯಲ್ಲಿ ಯಾರ ಸರ್ಕಾರ ಅನ್ನುವುದನ್ನು. ಪಕ್ಷ ನೋಡಿ ಹಾಕುವುದರಲ್ಲಿ ತಪ್ಪೇನೂ ಇಲ್ಲ.

ಗ್ರಾಮ ಪಂಚಾಯ್ತಿಗೆ ಬಂದರೆ ಪಕ್ಷವೇ ಇಲ್ಲ. ಪಕ್ಷದ ಚಿಹ್ನೆಯನ್ನು ಅಲ್ಲಿ ಕೊಡುವುದಿಲ್ಲ, ಅಭ್ಯರ್ಥಿಗಳಿಗೆ ಮುಕ್ತ ಚಿಹ್ನೆಗಳು ಮಾತ್ರ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ವಿಪ್ ಇಲ್ಲ, ಪಕ್ಷಾಂತರ ಕಾಯ್ದೆಯೂ ಅನ್ವಯಿಸುವುದಿಲ್ಲ. ಫಲಿತಾಂಶದ ಮಾರನೇ ದಿನ ಎಲ್ಲ ಪಕ್ಷಗಳೂ ‘ನಮ್ಮ ಬೆಂಬಲಿತರು ಇಷ್ಟು ಮಂದಿ’ ಅಂತ ಪಟ್ಟಿ ಬಿಡುತ್ತವೆ, ಎಲ್ಲವನ್ನೂ ಕೂಡಿದರೆ ಮೊತ್ತ ಸದಸ್ಯರ ಸಂಖ್ಯೆಯನ್ನೇ ಮೀರುವುದುಂಟು. ನೀರಿನ ಮೋಟಾರು ಸುಟ್ಟಾಗ ಫೋನ್ ಎತ್ತುವವರು ಯಾರು, ಉದ್ಯೋಗ ಖಾತ್ರಿಯ ಕ್ರಿಯಾಯೋಜನೆಗೆ ಯಾರ ಹೊಲದ ಬದು ಸೇರಿತು, ಯಾರದು ಬಿಟ್ಟುಹೋಯಿತು ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಪಕ್ಷದ ಮನೆ ಅಂತ ಪಂಚಾಯ್ತಿಯಲ್ಲೂ ಗುಂಪು ಕಟ್ಟಿ ಓಟು ಹಾಕುವುದು ಮತಪತ್ರದಲ್ಲೇ ಇಲ್ಲದ ಗುರುತಿಗೆ ಹಾಕಿದಂತೆ.

ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೂ ನಗರಸಭೆಗಳಿಗೂ ಪಕ್ಷದ ಚಿಹ್ನೆ ಇದೆ, ಅವಕ್ಕೆ 1987ರ ರಾಜ್ಯ ಪಕ್ಷಾಂತರ ನಿಷೇಧ ಕಾಯ್ದೆಯೂ ಇದೆ. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪಕ್ಷದ ಮೇಲೆ ಅಷ್ಟು ಅಭಿಮಾನ ಇರುವವರು ತಮ್ಮ ನಾಯಕರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಬೂತ್_ಲೆಕ್ಕ

ಎರಡನೇ ಮತ್ತು ಮೂರನೇ ಪ್ರಶ್ನೆಗೆ ಉತ್ತರಿಸ್ತೀನಿ.

ಮೊದಲು ಒಂದು ವಿಷಯ. ಕನ್ನಡನಾಡಿನ ಮತದಾರ ಕಣ್ಣುಮುಚ್ಚಿ ಒಂದೇ ಗುರುತಿಗೆ ಹಾಕ್ತಾನೆ ಅನ್ನೋದು ಫಲಿತಾಂಶಗಳಲ್ಲಿ ಕಾಣಲ್ಲ. 1984ರ ಡಿಸೆಂಬರ್‌ ಲೋಕಸಭೆಯಲ್ಲಿ 28ರಲ್ಲಿ 24 ಸ್ಥಾನ ಕಾಂಗ್ರೆಸ್‌ಗೆ, ಜನತಾ ಪಕ್ಷಕ್ಕೆ 4. ಜನಾದೇಶ ಹೋಯ್ತು ಅಂತ ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಚುನಾವಣೆ ತಂದರು. ಮೂರು ತಿಂಗಳೂ ತುಂಬೋ ಮೊದಲೇ, 1985ರ ಮಾರ್ಚ್‌ನಲ್ಲಿ, ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು, ಕಾಂಗ್ರೆಸ್‌ಗೆ 65. ಇದು ಒಂದು ಸಲದ ಆಕಸ್ಮಿಕವೂ ಅಲ್ಲ. 2013ರಲ್ಲಿ ಕಾಂಗ್ರೆಸ್‌ಗೆ 122, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17. 2023ರಲ್ಲಿ ಕಾಂಗ್ರೆಸ್‌ಗೆ 135, 2024ರಲ್ಲಿ ಮತ್ತೆ ಬಿಜೆಪಿಗೆ 17, ಕಾಂಗ್ರೆಸ್‌ಗೆ 9, ಜೆಡಿಎಸ್‌ಗೆ 2. 1985ರ ನಂತರ ಅಧಿಕಾರದಲ್ಲಿದ್ದ ಯಾವ ಪಕ್ಷವೂ ವಿಧಾನಸಭಾ ಚುನಾವಣೆಯಲ್ಲಿ ಗೆದ್ದು ಮರಳಿ ಬಂದಿಲ್ಲ.

ಈಗ ನಿಮ್ಮ ಊರಿನ ನಿಷ್ಠೆ ಅಳೆಯೋದು ಹೇಗೆ ಅಂತ. ಬೇಕಾಗಿರೋದು ನಮೂನೆ 20. ಪ್ರತಿ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಬಿತ್ತು ಅನ್ನೋ ಅಂತಿಮ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ವಿಧಾನಸಭಾ ಕ್ಷೇತ್ರವಾರು ಪಿಡಿಎಫ್ ಸಿಗುತ್ತೆ. ಲೋಕಸಭೆಯದ್ದೂ ವಿಧಾನಸಭಾ ಕ್ಷೇತ್ರಗಳಾಗಿ ಒಡೆದೇ ಇರುತ್ತೆ, ಹಾಗಾಗಿ ಹೋಲಿಸೋಕೆ ಅನುಕೂಲ. 2023 ಮತ್ತು 2024ರ ಎರಡು ಪಟ್ಟಿ ಇಟ್ಕೊಂಡು ಅದೇ ಮತಗಟ್ಟೆಯ ಸಾಲು ಹುಡುಕಿ.

ಇಲ್ಲೇ ಹೆಚ್ಚಿನವರು ಎಡವೋದು. ಮತಗಟ್ಟೆ ಸಂಖ್ಯೆ ಎರಡು ಚುನಾವಣೆಗಳ ನಡುವೆ ಬದಲಾಗಿರಬಹುದು. ಮತದಾರರು ಹೆಚ್ಚಾದಾಗ ಒಂದು ಬೂತನ್ನು ಎರಡು ಮಾಡ್ತಾರೆ, ಆಗ ಮುಂದಿನ ಎಲ್ಲ ಸಂಖ್ಯೆಗಳೂ ಒಂದೊಂದು ಜರುಗುತ್ತವೆ. 112ನೇ ಬೂತ್‌ ಪಕ್ಕದಲ್ಲಿ 112ನ್ನೇ ಇಟ್ಟು ಹೋಲಿಸಿದರೆ ಪಕ್ಕದೂರಿನ ಓಟು ನಿಮ್ಮೂರಿನದಾಗಿ ಕಾಣುತ್ತೆ. ಸಂಖ್ಯೆ ಬಿಡಿ, ಮತಗಟ್ಟೆ ಪಟ್ಟಿ ತೆಗೆದು ಶಾಲೆಯ ಹೆಸರು, ಕೊಠಡಿ, ಸೇರಿರುವ ಬೀದಿಗಳು ಹೊಂದುತ್ತವಾ ನೋಡಿ. ಒಡೆದ ಬೂತಾಗಿದ್ದರೆ ಎರಡನ್ನೂ ಕೂಡಿ. ಅಂಚೆ ಮತಗಳು ಕೊನೆಯಲ್ಲಿ ಒಟ್ಟಾಗಿ ಇರುತ್ತವೆ, ಅವು ಯಾವ ಬೂತಿಗೂ ಸೇರಲ್ಲ.

ಲೆಕ್ಕ ಹೀಗೆ. ಉದಾಹರಣೆಗೆ ಒಂದು ಬೂತಿನಲ್ಲಿ ಎರಡೂ ಸಲ 800 ಓಟು ಬಿದ್ದಿದೆ ಅಂದ್ಕೊಳ್ಳಿ. ಒಂದು ಪಕ್ಷಕ್ಕೆ ವಿಧಾನಸಭೆಯಲ್ಲಿ 420, ಲೋಕಸಭೆಯಲ್ಲಿ 310. ಕನಿಷ್ಠ 110 ಓಟು ಆ ಪಕ್ಷವನ್ನು ಬಿಟ್ಟು ಹೋಗಿದೆ. ಉಳಿದ 310 ಪೂರ್ತಿ ಕಟ್ಟಾ ಓಟು ಅಂತ ಹೇಳೋ ಹಾಗಿಲ್ಲ. 160 ಜನ ಹೋಗಿ 50 ಜನ ಹೊಸದಾಗಿ ಬಂದಿದ್ದರೂ ಪಟ್ಟಿಯಲ್ಲಿ ಕಾಣೋದು 110ರ ಕೊರತೆಯೇ. ಹಾಗಾಗಿ 310 ಅನ್ನೋದು ನಿಷ್ಠೆಯ ಗರಿಷ್ಠ ಮಿತಿ, ಅದಕ್ಕಿಂತ ಹೆಚ್ಚಿರೋಕೆ ಸಾಧ್ಯವಿಲ್ಲ, ಕಡಿಮೆ ಇರಬಹುದು. 2018, 2019ರ ಅಂಕಿಯನ್ನೂ ಸೇರಿಸಿ ನಾಲ್ಕರಲ್ಲಿ ಅತಿ ಕಡಿಮೆ ಯಾವುದು ನೋಡಿದರೆ ಚಿತ್ರ ಇನ್ನೂ ಗಟ್ಟಿಯಾಗುತ್ತೆ.

ಮೈತ್ರಿ ಇದ್ದ ವರ್ಷಗಳಲ್ಲಿ ಎಚ್ಚರ. 2024ರಲ್ಲಿ ಜೆಡಿಎಸ್‌ ಸ್ಪರ್ಧಿಸಿದ್ದು ಮಂಡ್ಯ, ಹಾಸನ, ಕೋಲಾರ ಮೂರರಲ್ಲೇ. ಉಳಿದ 25 ಕ್ಷೇತ್ರಗಳಲ್ಲಿ ಆ ಗುರುತೇ ಇರಲಿಲ್ಲ. ರಾಜ್ಯಮಟ್ಟದಲ್ಲಿ ಅದರ ಮತ 2023ರ ಶೇ 13.3ರಿಂದ ಶೇ 5.6ಕ್ಕೆ ಇಳಿದದ್ದನ್ನು ನಿಷ್ಠೆ ಕುಸಿಯಿತು ಅಂತ ಓದಿದರೆ ತಪ್ಪು.

ಇನ್ನು ಗುಟ್ಟಿನ ವಿಷಯ. ನಿಮ್ಮ ಓಟು ಯಾರಿಗೆ ಅಂತ ಯಂತ್ರದಿಂದ ಯಾರಿಗೂ ಗೊತ್ತಾಗಲ್ಲ. ಕಂಟ್ರೋಲ್ ಯೂನಿಟ್‌ನಲ್ಲಿ ಮತದ ಜತೆ ಹೆಸರು ಸೇರಲ್ಲ. ವಿವಿಪ್ಯಾಟ್‌ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣಿಸಿ ಡಬ್ಬಿಗೆ ಬೀಳುತ್ತೆ, ಅದರಲ್ಲಿರೋದು ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಮಾತ್ರ. ಅದು ನಿಮ್ಮ ಕೈಗೆ ಬರಲ್ಲ. ಒಳಗೆ ಮೊಬೈಲ್ ಒಯ್ಯೋದು ನಿಷಿದ್ಧ, ಫೋಟೊ ತಂದು ತೋರಿಸು ಅಂತ ಯಾರಾದರೂ ಒತ್ತಾಯಿಸಿದರೆ ಅದು ಅಪರಾಧಕ್ಕೆ ದೂಡಿದಂತೆ.

ಆದರೆ ನಿಮ್ಮ ಬೂತಿನ ಓಟು ಗುಟ್ಟಲ್ಲ. ಮತಪತ್ರಗಳ ಕಾಲದಲ್ಲಿ ಹಲವು ಪೆಟ್ಟಿಗೆಗಳ ಚೀಟಿಗಳನ್ನು ಬೆರೆಸಿ ಎಣಿಸೋ ವ್ಯವಸ್ಥೆ ಇತ್ತು. ಇವಿಎಂ ಬಂದ ಮೇಲೆ ಬೂತುವಾರು ಎಣಿಕೆಯೇ ಆಯ್ತು. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸುವ ಟೋಟಲೈಸರ್ ಬಳಸೋಣ ಅಂತ ಚುನಾವಣಾ ಆಯೋಗ ಪ್ರಸ್ತಾಪ ಮಾಡಿತ್ತು, ಜಾರಿಗೆ ಬರಲಿಲ್ಲ. 250 ಓಟಿನ ಸಣ್ಣ ಹಾಡಿ, ತಾಂಡಾಕ್ಕೆ ಇದರಿಂದ ನಿಜವಾದ ತೊಂದರೆ ಇದೆ. ‘ನಿಮ್ಮ ತಾಂಡಾದಲ್ಲಿ ನಮಗೆ 30 ಓಟು ಬಿದ್ದಿದೆ’ ಅಂತ ಬೊಟ್ಟು ಮಾಡಿ ರಸ್ತೆ ತಡೆಯೋಕೆ ಇದೇ ಪಟ್ಟಿ ಸಾಕು. ನಾನು ಈ ಪಟ್ಟಿ ಓದೋದನ್ನು ಹೇಳಿಕೊಡ್ತಿರೋದು ಊರಿನವರು ತಮ್ಮನ್ನು ತಾವು ತಿಳಿಯಲಿ ಅಂತ, ಬೇರೆಯವರನ್ನು ಹೆದರಿಸೋಕಲ್ಲ.

ಬಾವುಟ_ಹಿಡಿದವ

ಪಕ್ಷನಿಷ್ಠೆಯನ್ನು ಬರೀ ಅಂಧಾಭಿಮಾನ ಅಂತ ತಳ್ಳಿಹಾಕುವವರಿಗೆ ನನ್ನ ವಿರೋಧವಿದೆ. ಪಕ್ಷಕ್ಕೆ ಪ್ರಣಾಳಿಕೆ ಇದೆ, ಇತಿಹಾಸ ಇದೆ, ಐದು ವರ್ಷದ ನಂತರ ಅದೇ ಹೆಸರಿನಲ್ಲಿ ಬಾಗಿಲಿಗೆ ಬರಲೇಬೇಕು. ಒಬ್ಬ ವ್ಯಕ್ತಿ ಗೆದ್ದು ಮಾಯವಾಗಬಹುದು, ಪಕ್ಷ ಮಾಯವಾಗುವುದಿಲ್ಲ. ಲೆಕ್ಕ ಕೇಳಲು ಒಂದು ವಿಳಾಸ ಬೇಕಲ್ಲ?

ವ್ಯಕ್ತಿನಿಷ್ಠೆ ಏನೂ ಕಡಿಮೆ ಕುರುಡಲ್ಲ. ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಎಸ್. ಬಂಗಾರಪ್ಪ 1996ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್‌ನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ನಾಲ್ಕು ಗೆಲುವು, ನಾಲ್ಕು ಗುರುತು. ಅಲ್ಲಿ ಓಟು ಬಿದ್ದದ್ದು ಮನುಷ್ಯನಿಗೆ. ಅದು ಸರಿಯೋ ತಪ್ಪೋ ಬೇರೆ ಮಾತು, ಆದರೆ ‘ವ್ಯಕ್ತಿ ನೋಡಿ ಹಾಕುವವರು ವಿಚಾರವಂತರು, ಪಕ್ಷ ನೋಡಿ ಹಾಕುವವರು ಕುರಿಗಳು’ ಅನ್ನುವ ವಿಂಗಡಣೆ ಸುಳ್ಳು.

2023ರಲ್ಲಿ ಇದೇ ವಿಷಯಕ್ಕೆ ಎರಡು ಊರು ಎರಡು ಉತ್ತರ ಕೊಟ್ಟವು. ಟಿಕೆಟ್ ಸಿಗದೆ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ ಜಗದೀಶ ಶೆಟ್ಟರ್ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಸೋತರು. ಮುಖ್ಯಮಂತ್ರಿಯಾಗಿದ್ದವರು, ಅಲ್ಲಿಂದ ಸಾಲಾಗಿ ಗೆದ್ದವರು, ಆದರೂ ಮತದಾರ ಗುರುತಿನ ಜತೆ ನಿಂತ. ಅದೇ ಕಾರಣಕ್ಕೆ ಅದೇ ದಾರಿ ಹಿಡಿದ ಲಕ್ಷ್ಮಣ ಸವದಿ ಅಥಣಿಯಲ್ಲಿ ದೊಡ್ಡ ಅಂತರದಿಂದ ಗೆದ್ದರು. ವ್ಯತ್ಯಾಸ ಎಲ್ಲಿ ಅಂದರೆ, ಅಥಣಿಯಲ್ಲಿ ಬಿಜೆಪಿಯ ಅಭ್ಯರ್ಥಿ ತಾವೇ 2019ರಲ್ಲಿ ಕಾಂಗ್ರೆಸ್‌ ಬಿಟ್ಟು ಬಂದವರು. ಅಲ್ಲಿನ ಹಳೆಯ ಬಿಜೆಪಿ ಮತದಾರನಿಗೆ ‘ನಮ್ಮವರು’ ಅನ್ನಿಸಿದ್ದು ಸವದಿಯೇ. ಹುಬ್ಬಳ್ಳಿಯಲ್ಲಿ ಎದುರಿಗಿದ್ದ ಮಹೇಶ ಟೆಂಗಿನಕಾಯಿ ಪಕ್ಷದ ಸಂಘಟನೆಯಿಂದಲೇ ಬಂದವರು.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಿಷ್ಠೆಯನ್ನು ತೋರಿಸಬೇಕಾದ ಸಮಯ ಮತದಾನದ ದಿನವಲ್ಲ, ಟಿಕೆಟ್ ಹಂಚುವ ತಿಂಗಳು. ಬಿ ಫಾರಂ ಯಾರ ಕೈಗೆ ಹೋಗುತ್ತದೋ ಅಲ್ಲಿಗೆ ಕಟ್ಟಾ ಮತದಾರನ ಆಯ್ಕೆ ಮುಗಿದುಹೋಗುತ್ತದೆ. ಎ ಫಾರಂ ಅಂದರೆ ಅಭ್ಯರ್ಥಿಯನ್ನು ಹೆಸರಿಸುವ ಅಧಿಕಾರ ಪಕ್ಷದಲ್ಲಿ ಯಾರಿಗಿದೆ ಅನ್ನುವ ಪತ್ರ, ಬಿ ಫಾರಂ ಅಂದರೆ ಆ ಅಧಿಕಾರಸ್ಥರು ಅಭ್ಯರ್ಥಿಯ ಹೆಸರು ಬರೆದು ಶಾಯಿಯಲ್ಲಿ ಸಹಿ ಹಾಕಿದ ಪತ್ರ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜು ಮುಟ್ಟಬೇಕು. ಮುಟ್ಟದಿದ್ದರೆ ಪಕ್ಷದ ಚಿಹ್ನೆ ಸಿಗುವುದಿಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ನಾಮಪತ್ರದಲ್ಲಿ ಹೆಸರು ಸೂಚಿಸಿ ಸಹಿ ಹಾಕುವ ಮತದಾರ) ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಬೇರೆಯದೇ ಹತ್ತು ಸಹಿ ಜೋಡಿಸಿಕೊಳ್ಳದೆ ಬಿ ಫಾರಂ ನಂಬಿ ಕೂತವರ ನಾಮಪತ್ರ ಕೊನೇ ಗಳಿಗೆಯಲ್ಲಿ ತಿರಸ್ಕೃತವಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಸಾಮಾನ್ಯ ಮತದಾರ ಆ ತಿಂಗಳಲ್ಲಿ ಏನು ಮಾಡಬಹುದು? ಪಕ್ಷದ ಸದಸ್ಯರಾಗಿದ್ದರೆ ಬ್ಲಾಕ್ ಅಥವಾ ಮಂಡಲ ಮಟ್ಟದ ಸಭೆಗೆ ಹೋಗಿ. ವೀಕ್ಷಕರು ಬಂದಾಗ ಹೆಸರು ಹೇಳಿ, ಬೇಡದ ಹೆಸರನ್ನೂ ಕಾರಣ ಸಮೇತ ಬರೆದುಕೊಡಿ. ನಾಲ್ಕೈದು ಬೂತಿನವರು ಸೇರಿ ಒಂದೇ ಪತ್ರ ಕೊಟ್ಟರೆ ಓದುತ್ತಾರೆ, ಯಾಕೆಂದರೆ ಬೂತಿಗೆ ಏಜೆಂಟ್ ಕೂರಿಸುವವರು ನೀವೇ. ‘ಯಾರಿಗೆ ಕೊಟ್ಟರೂ ನಮ್ಮ ಓಟು ನಿಮಗೇ’ ಅಂತ ಮೊದಲೇ ಹೇಳಿಬಿಟ್ಟರೆ ನಿಮ್ಮ ಪತ್ರಕ್ಕೆ ಬೆಲೆಯಿಲ್ಲ. ಜೇಬಿನಲ್ಲಿರುವ ಓಟಿಗೆ ಯಾರೂ ರಸ್ತೆ ಹಾಕಿಸುವುದಿಲ್ಲ, ಅತ್ತಿತ್ತ ಅಲ್ಲಾಡುವ ಪಕ್ಕದ ಬೀದಿಗೆ ಹಾಕಿಸುತ್ತಾರೆ.

ಮೈತ್ರಿಯಲ್ಲೂ ಪಕ್ಷಗಳು ಇದೇ ತಪ್ಪು ಮಾಡುತ್ತವೆ. 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಸೀಟು ಹಂಚಿಕೊಂಡು ಓಟೂ ತಾನಾಗಿ ವರ್ಗಾವಣೆ ಆಗುತ್ತದೆ ಅಂದುಕೊಂಡವು. ಹಳೇ ಮೈಸೂರಿನಲ್ಲಿ ದಶಕಗಳಿಂದ ಎದುರುಬದುರು ಕಾದಾಡಿದ ಊರುಗಳವು. ಒಂದೇ ಬೀದಿಯಲ್ಲಿ ಎರಡು ಗುಂಪು, ಎರಡು ಹಾಲಿನ ಡೇರಿ ಬಣ. ತುಮಕೂರಿನಲ್ಲಿ ಎಚ್.ಡಿ. ದೇವೇಗೌಡರೇ ಸೋತರು, ಮಂಡ್ಯದಲ್ಲಿ ಪಕ್ಷೇತರರಾಗಿ ಸುಮಲತಾ ಗೆದ್ದರು. ಮೈತ್ರಿಕೂಟಕ್ಕೆ 28ರಲ್ಲಿ ದಕ್ಕಿದ್ದು ಎರಡು. ನಾಯಕರು ಕೈ ಕುಲುಕಿದರೆ ಕಾರ್ಯಕರ್ತ ಎದುರಾಳಿಯ ಗುರುತು ಒತ್ತುವುದಿಲ್ಲ, ಅದನ್ನು ಕೆಳಗಿನಿಂದ ಕಟ್ಟಬೇಕು.

ಗ್ಯಾಲರಿ_ಸೀಟು

@ಬಾವುಟ_ಹಿಡಿದವ, ‘ಪಕ್ಷ ಮಾಯವಾಗುವುದಿಲ್ಲ’ ಅಂದಿರಿ. ಆದರೆ ಪಕ್ಷದ ಗುರುತಲ್ಲಿ ಗೆದ್ದವರು ಮಾಯವಾಗುತ್ತಾರಲ್ಲ, ಅದನ್ನೂ ಸೇರಿಸಬೇಕು. ವಿಪ್ ಮೀರಿದರೆ ಅನರ್ಹತೆ ಅಂತ ಮೇಲೆ ಬರೆದೆ. 2008ರಿಂದ ಇಲ್ಲಿ ಕಂಡುಕೊಂಡ ದಾರಿ ಬೇರೆ. ಸದನದಲ್ಲಿ ವಿರುದ್ಧ ಮತ ಹಾಕುವುದೇ ಬೇಡ, ರಾಜೀನಾಮೆ ಕೊಟ್ಟು ಇನ್ನೊಂದು ಪಕ್ಷದಿಂದ ಉಪಚುನಾವಣೆಗೆ ನಿಲ್ಲುವುದು. 2019ರಲ್ಲಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಅದೇ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಆ ವಿಧಾನಸಭೆಯ ಅವಧಿ ಮುಗಿಯುವ ತನಕ ನಿಲ್ಲಬಾರದು ಅನ್ನುವ ಭಾಗವನ್ನು ರದ್ದು ಮಾಡಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ. ಬಿಜೆಪಿ 12, ಕಾಂಗ್ರೆಸ್ 2, ಪಕ್ಷೇತರ 1. ಅನರ್ಹರಾದವರಲ್ಲಿ 13 ಮಂದಿ ಬಿಜೆಪಿಯಿಂದ ನಿಂತು 11 ಮಂದಿ ಗೆದ್ದರು.

ಸುಮಾರು ಹತ್ತೊಂಬತ್ತು ತಿಂಗಳ ಹಿಂದೆ ಅದೇ ಅಭ್ಯರ್ಥಿಗೆ ಬೇರೆ ಗುರುತಿನಲ್ಲಿ ಓಟು ಹಾಕಿದ್ದ ಕಟ್ಟಾ ಮತದಾರನಿಗೆ ಆಗ ಎರಡೇ ದಾರಿ. ಗುರುತಿಗೆ ಅಂಟಿಕೊಂಡರೆ ವ್ಯಕ್ತಿಯನ್ನು ಬಿಡಬೇಕು, ವ್ಯಕ್ತಿಗೆ ಅಂಟಿಕೊಂಡರೆ ಗುರುತನ್ನು. ಹುಣಸೂರು ಮತ್ತು ಹೊಸಕೋಟೆಯ ಮತದಾರರು ಪಕ್ಷ ಬಿಟ್ಟವರನ್ನು ಸೋಲಿಸಿದರು, ಕೆ.ಆರ್. ಪೇಟೆಯವರು ಅದೇ ವ್ಯಕ್ತಿಯನ್ನು ಗೆಲ್ಲಿಸಿದರು. ಪಕ್ಷ ನೋಡಿ ಹಾಕುವವರೂ ಅಭ್ಯರ್ಥಿಯ ಹಿಂದಿನ ಹತ್ತು ವರ್ಷದ ಹೆಜ್ಜೆಗಳನ್ನು ನೋಡಲೇಬೇಕಾದ ಕಾರಣ ಇದು. ಎಷ್ಟು ಪಕ್ಷ ಬದಲಿಸಿದ್ದಾರೆ ಅನ್ನುವುದು ನಾಮಪತ್ರದ ಜತೆ ಕೊಡುವ ಪ್ರಮಾಣಪತ್ರದಲ್ಲಿ, ಅಂದರೆ ಅಫಿಡವಿಟ್‌ನಲ್ಲಿ ಇರುವುದಿಲ್ಲ, ಆಯೋಗದ ಹಳೆಯ ಫಲಿತಾಂಶ ವರದಿಗಳಲ್ಲಿ ಹೆಸರು ಹುಡುಕಿ ನೀವೇ ಕೂಡಿಸಿಕೊಳ್ಳಬೇಕು.

ನಮೂನೆ_26

ನಾಲ್ಕನೇ ಪ್ರಶ್ನೆಗೆ. ವ್ಯಕ್ತಿ ನೋಡೋದು ಅಂದರೆ ಮುಖ ನೋಡೋದಲ್ಲ, ನಮೂನೆ 26ರ ಪ್ರಮಾಣಪತ್ರ ಓದೋದು. ನಾಮಪತ್ರದ ಜತೆ ಎಲ್ಲ ಅಭ್ಯರ್ಥಿಗಳೂ ಕೊಡಲೇಬೇಕು. ಚುನಾವಣಾ ಆಯೋಗದ ಅಫಿಡವಿಟ್ ಜಾಲತಾಣದಲ್ಲಿ, ಆಯೋಗದ ಆ್ಯಪ್‌ನಲ್ಲಿ ಸಿಗುತ್ತೆ. ಚುನಾವಣಾಧಿಕಾರಿ ಕಚೇರಿಯ ಫಲಕದಲ್ಲೂ ಅಂಟಿಸ್ತಾರೆ.

ಮೊದಲು ಪ್ರಕರಣಗಳ ಭಾಗ. ಬಾಕಿ ಇರುವ ಪ್ರಕರಣ, ಕಲಂ, ದೋಷಾರೋಪ ನಿಗದಿಯಾಗಿದೆಯೇ, ಶಿಕ್ಷೆ ಆಗಿದೆಯೇ ಎಲ್ಲ ಇರುತ್ತೆ. ಪ್ರತಿಭಟನೆಯಲ್ಲಿ ರಸ್ತೆ ತಡೆದ ಕೇಸನ್ನೂ ವಂಚನೆಯ ಕೇಸನ್ನೂ ಒಂದೇ ಅಂತ ಎಣಿಸಬೇಡಿ. ಸಂಖ್ಯೆ ಅಲ್ಲ, ಕಲಂ ನೋಡಿ. ಆಮೇಲೆ ಆದಾಯ ತೆರಿಗೆ ವಿವರದಲ್ಲಿ ಐದು ವರ್ಷದ ಆದಾಯ, ಅದರ ಪಕ್ಕದಲ್ಲಿ ಆಸ್ತಿ. ಹಿಂದಿನ ಚುನಾವಣೆಯಲ್ಲೂ ನಿಂತಿದ್ದರೆ ಆ ಅಫಿಡವಿಟ್ ತೆಗೆದು ಎರಡನ್ನೂ ಪಕ್ಕಪಕ್ಕ ಇಡಿ. ಐದು ವರ್ಷದ ಆದಾಯದ ಮೊತ್ತಕ್ಕಿಂತ ಆಸ್ತಿಯ ಏರಿಕೆ ಹಲವು ಪಟ್ಟಾಗಿದ್ದರೆ, ಹಳೇ ಜಮೀನಿನ ಬೆಲೆ ಏರಿದ್ದಕ್ಕೋ ಹೊಸದಾಗಿ ಕೊಂಡಿದ್ದಕ್ಕೋ ಅಂತ ನೋಡಿ. ಕೊಂಡ ದಿನಾಂಕ, ಕೊಂಡ ಬೆಲೆಯ ಸಾಲುಗಳೂ ಅದರಲ್ಲೇ ಇರುತ್ತವೆ. ಸಂಗಾತಿ ಮತ್ತು ಅವಲಂಬಿತರ ಕಾಲಂ ಬಿಡಬೇಡಿ. ಬೆಳೆದ ಮಕ್ಕಳು ಅವಲಂಬಿತರಲ್ಲ ಅಂತ ಹೇಳಿ ಅವರ ಆಸ್ತಿ ಹೊರಗುಳಿಯೋದು ಇದರ ದೊಡ್ಡ ಕಿಂಡಿ.

ಕಾಲಂ ಖಾಲಿ ಬಿಡೋ ಹಾಗಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ, ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರ. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ, ಆರು ತಿಂಗಳ ತನಕ ಜೈಲು ಅಥವಾ ದಂಡ ಅಥವಾ ಎರಡೂ.

ಪಕ್ಷನಿಷ್ಠರು ತಪ್ಪದೆ ನೋಡಬೇಕಾದ ಇನ್ನೊಂದು ಕಾಗದ ಸಿ-7. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ, ಯಾಕೆ ಕೊಟ್ಟಿರಿ, ಪ್ರಕರಣ ಇಲ್ಲದ ಬೇರೆಯವರನ್ನು ಯಾಕೆ ಬಿಟ್ಟಿರಿ ಅಂತ ಪಕ್ಷವೇ ಬರೆದು ತನ್ನ ಜಾಲತಾಣದಲ್ಲಿ ಹಾಕಬೇಕು. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ಆದೇಶ ಇದು. ‘ಗೆಲ್ಲುವ ಸಾಮರ್ಥ್ಯ’ ಅನ್ನೋದೊಂದೇ ಕಾರಣ ಆಗಬಾರದು ಅಂತಲೂ ಅದರಲ್ಲಿದೆ. ನೀವು ನಂಬಿದ ಪಕ್ಷ ನಿಮ್ಮ ಕ್ಷೇತ್ರದ ಬಗ್ಗೆ ಅಲ್ಲಿ ಏನು ಬರೆದಿದೆ ಓದಿ. ಎಲ್ಲ ಅಭ್ಯರ್ಥಿಗೂ ಒಂದೇ ನಾಲ್ಕು ಸಾಲು ನಕಲು ಮಾಡಿದ್ದರೆ, ಆ ಕಾಗದವನ್ನೇ ಹಿಡಿದು ಪಕ್ಷದ ಕಚೇರಿಗೆ ಹೋಗಬಹುದು.

ಯಾರೂ ಒಪ್ಪಿಗೆಯಾಗದಿದ್ದರೆ ನೋಟಾ ಇದೆ, ಪಟ್ಟಿಯ ಕೊನೆಯ ಗುಂಡಿ. ಅದು ಎಷ್ಟೇ ಬಿದ್ದರೂ ಉಳಿದವರಲ್ಲಿ ಹೆಚ್ಚು ಪಡೆದವರೇ ಗೆಲ್ಲೋದು, ಇದು ಗೊತ್ತಿರಲಿ. ಹಾಗಂತ ನಿಮ್ಮ ಒಂದು ಓಟಿಗೆ ಬೆಲೆ ಇಲ್ಲ ಅಂದ್ಕೋಬೇಡಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಓಟಿನಿಂದ, 2023ರಲ್ಲಿ ಜಯನಗರದ ಅಂತರ 16 ಓಟು.

ಕೆರೆಏರಿ

ಎಲ್ಲರಿಗೂ ಧನ್ಯವಾದ. ನಮೂನೆ 20, ಸಿ-7 ಎರಡರ ಬಗ್ಗೆಯೂ ಗೊತ್ತಿರಲಿಲ್ಲ. ಇನ್ನೊಂದೇ ಪ್ರಶ್ನೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಪಕ್ಷದವರು ‘ನಮ್ಮವರಿಗೆ 1 ಹಾಕಿ ಬಿಟ್ಟುಬಿಡಿ, ಬೇರೆ ಯಾರಿಗೂ ಏನೂ ಬರೀಬೇಡಿ’ ಅಂತಾರೆ. 2, 3 ಬರೆದರೆ ನಮ್ಮ ಅಭ್ಯರ್ಥಿಗೆ ನಷ್ಟವೇ?

ಗ್ಯಾಲರಿ_ಸೀಟು

ನಷ್ಟವಿಲ್ಲ. ಇದು ತುಂಬ ಜನರಿಗಿರುವ ತಪ್ಪು ತಿಳಿವಳಿಕೆ.

ಅಲ್ಲಿ ಇವಿಎಂ ಇಲ್ಲ, ಚಿಹ್ನೆಯೂ ಇಲ್ಲ. ಗೆಲ್ಲಲು ಊರ್ಜಿತ ಮತಗಳ ಅರ್ಧಕ್ಕಿಂತ ಒಂದು ಹೆಚ್ಚು ಬೇಕು. 40,000 ಮತ ಊರ್ಜಿತವಾಗಿದ್ದರೆ 20,001. ಮೊದಲ ಸುತ್ತಿನಲ್ಲಿ ಯಾರೂ ಮುಟ್ಟದಿದ್ದರೆ ಅತಿ ಕಡಿಮೆ ಇರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಹೀಗೇ ಮುಂದುವರಿಯುತ್ತದೆ. ನಿಮ್ಮ 1 ಪಡೆದವರು ಕಣದಲ್ಲಿ ಇರುವ ತನಕ ನಿಮ್ಮ 2ನ್ನು ಯಾರೂ ನೋಡುವುದೇ ಇಲ್ಲ. ಅವರು ಹೊರಬಿದ್ದ ಮೇಲಷ್ಟೇ ಅದು ಲೆಕ್ಕಕ್ಕೆ ಬರುತ್ತದೆ. ಅಂದರೆ ನಿಮ್ಮ ಅಭ್ಯರ್ಥಿಗೆ ಅದರಿಂದ ಒಂದು ಮತವೂ ಕಡಿಮೆಯಾಗುವುದಿಲ್ಲ. ಬರೀ 1 ಬರೆದಿದ್ದರೆ ಮಾತ್ರ ಅವರು ಹೊರಬಿದ್ದ ಗಳಿಗೆಯಲ್ಲಿ ನಿಮ್ಮ ಮತಪತ್ರ ಬದಿಗೆ ಹೋಗುತ್ತದೆ, ಕೊನೆಯ ಇಬ್ಬರಲ್ಲಿ ಯಾರು ಅನ್ನುವ ತೀರ್ಮಾನದಲ್ಲಿ ನೀವಿರುವುದಿಲ್ಲ.

ಮತ ಅಸಿಂಧುವಾಗುವುದು ಬೇರೆ ತಪ್ಪುಗಳಿಂದ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು, ಜೇಬಿನ ಪೆನ್ನು ನಡೆಯುವುದಿಲ್ಲ. ಅಂಕಿಯಲ್ಲೇ ಬರೆಯಬೇಕು, ಕನ್ನಡ ಅಂಕಿಯೂ ಆಗುತ್ತದೆ. ‘ಒಂದು’ ಅಂತ ಅಕ್ಷರದಲ್ಲಿ ಬರೆದರೆ, ಟಿಕ್ ಹಾಕಿದರೆ, ಸಹಿ ಮಾಡಿದರೆ, ಇಬ್ಬರಿಗೆ 1 ಕೊಟ್ಟರೆ, 1 ಬಿಟ್ಟು 2ರಿಂದ ಶುರು ಮಾಡಿದರೆ ಮತ ಹೋಯಿತು. ಪದವೀಧರರೇ ಮತ ಹಾಕುವ ಈ ಚುನಾವಣೆಯಲ್ಲಿ ಅಸಿಂಧು ಮತಗಳ ಕಟ್ಟು ಪ್ರತಿ ಸಲ ದಪ್ಪವಾಗಿಯೇ ಇರುತ್ತದೆ.

ಇನ್ನೊಂದು, ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿಯೇ ತಯಾರಿಸುತ್ತಾರೆ. ಕಳೆದ ಸಲ ಹೆಸರಿತ್ತು ಅಂತ ಕೂರಬೇಡಿ. ಅರ್ಹತಾ ದಿನಾಂಕ ನವೆಂಬರ್ 1, ಅದಕ್ಕೆ ಮೂರು ವರ್ಷ ಮೊದಲೇ ಪದವಿ ಮುಗಿದಿರಬೇಕು. ನಮೂನೆ 18ರ ಜತೆ ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿ ಇಟ್ಟು ತಾಲ್ಲೂಕು ಕಚೇರಿಯಲ್ಲಿ ಕೊಡಿ, ಸ್ವೀಕೃತಿ ಚೀಟಿ ಇಲ್ಲದೆ ಎದ್ದು ಬರಬೇಡಿ.